ಯಾರ್ಕಿಗೆ ತಿನ್ನೋಕೆ ಹೋದ್ವಿ, ಏಕಾದಶಿ ಬಂತು

ನಮ್ಮನೆಯವ್ರು ಮಸಾಲೆ ದೋಸೆ ತಿನ್ನೋಕೆ ಹೋಗ್ಬೇಕಂದ್ರೂ ಎಕ್ಸೆಲ್ ಶೀಟ್ ಮಾಡೋ ಪೈಕಿ. ಲಂಡನ್ನಿನ ಹ್ಯಾರೋದಲ್ಲಿ ಮನೆ ಮಾಡಿದಾಗಿಂದ ಅವ್ರ ಜೀವನದ ಗುರಿ ಒಂದೇ, "ಇಂಗ್ಲೆಂಡಲ್ಲಿ ತಿನ್ನೋಕೆ ಏನ್ ಮಣ್ಣಿದೆ" ಅನ್ನೋರ ಬಾಯಿ ಮುಚ್ಚಿಸ್ಬೇಕು, ಹಂಗೆ ಅನ್ನೋರಲ್ಲಿ ಮೊದಲನೆಯವ್ರು ಅವ್ರ ಅಪ್ಪನೇ. ಮೈಸೂರಿಂದ ಅತ್ತೆ ಮಾವನ್ನ "ಬೇಸಿಗೇಲಿ ಬನ್ನಿ, ಹೂವು ಗೀವು ಇರುತ್ತೆ" ಅಂತ ಎಷ್ಟು ಹೇಳಿದ್ರೂ ಟಿಕೆಟ್ ಸಸ್ತಾ ಸಿಗ್ತು ಅಂತ ಫೆಬ್ರವರೀಲೇ ಬಂದಿಳಿದ್ರು. ಬಂದು ಜೆಟ್‌ಲ್ಯಾಗ್ ಇಳಿಯೋ ಮುಂಚೆನೇ ನಮ್ಮನೆಯವ್ರು ಲ್ಯಾಪ್‌ಟಾಪ್ ತೆಗ್ದು, "ಅಪ್ಪಾ, ವೀಕೆಂಡಿಗೆ ಯಾರ್ಕ್. ಫುಲ್ ಫುಡ್ ಟ್ರಿಪ್" ಅಂದ್ರು. ಮಾವ ಪೇಪರಿಂದ ತಲೆ ಎತ್ತದೇನೇ "ಹೋಗೋಣ, ಮೊಸರನ್ನ ಕಟ್ಕೊಂಡು" ಅಂದ್ರು.

ಈಗ ಇಂಗ್ಲೆಂಡಿನ ಉತ್ತರಕ್ಕಿರೋ ಯಾರ್ಕ್ ಅಂದ್ರೆ ಸಾಮಾನ್ಯದ ಊರಲ್ಲ. ಕ್ರಿ.ಶ. 71ರಲ್ಲಿ ರೋಮನ್ನರು ಕೋಟೆ ಕಟ್ಟಿದ್ದು, 866ರಲ್ಲಿ ಸ್ಕ್ಯಾಂಡಿನೇವಿಯಾ ಕಡೆಯ ಕಡಲ ದಾಳಿಕೋರರಾದ ವೈಕಿಂಗ್‌ಗಳು ಬಂದು ಹಿಡ್ಕೊಂಡಿದ್ದು, ಇವತ್ತಿಗೂ ಕೋಟೆ ಗೋಡೆ ಮೇಲೇ ನಡ್ಕೊಂಡು ಊರು ನೋಡಬೋದು, ಮಧ್ಯದಲ್ಲಿ ಮಿನ್‌ಸ್ಟರ್ ಅನ್ನೋ ಮಹಾ ಚರ್ಚು. ಇಷ್ಟೂ ಇತಿಹಾಸ ನಮ್ಮನೆಯವ್ರ ಶೀಟಲ್ಲಿ "ಅದರ್ಸ್" ಅನ್ನೋ ಒಂದೇ ಒಂದು ಸಾಲಲ್ಲಿ ಮುದುರ್ಕೊಂಡಿತ್ತು, ಮಿಕ್ಕಿದ್ದೆಲ್ಲ ತಿಂಡಿ, ಪ್ರತಿ ತಿಂಡಿಗೂ ಟೈಮು, ಕಲರ್ ಕೋಡು, ಐದಕ್ಕೆ ಎಷ್ಟು ಮಾರ್ಕ್ಸ್ ಅಂತ ತುಂಬೋಕೆ ಖಾಲಿ ಕಾಲಮ್ಮು. ಭಾನುವಾರ ಮಧ್ಯಾಹ್ನದ ಒಂದು ಸಾಲು ಮಾತ್ರ ಹೈಡ್ ಆಗಿತ್ತು. ಅದೇನು ಅಂತ ನಂಗೆ ಗೊತ್ತಿತ್ತು, ಸಂಡೇ ರೋಸ್ಟು, ಅಂದ್ರೆ ಇಲ್ಲಿಯವ್ರ ಭಾನುವಾರದ ಮಾಂಸದೂಟ. ನಮ್ಮನೆಯವ್ರು ಮನೇಲಿ ಶುದ್ಧ ಸಸ್ಯಾಹಾರಿ, ಆಫೀಸಲ್ಲಿ "ಫ್ಲೆಕ್ಸಿಬಲ್". ನಾನು ಇದ್ರ ಬಗ್ಗೆ ಇಲ್ಲೀತನಕ ಬಾಯಿ ಬಿಟ್ಟಿಲ್ಲ, ಈಗ ಬರೀತಿದೀನಿ ಅಷ್ಟೆ.

ಫೆಬ್ರವರಿ ಚಳೀಲಿ ಯಾರ್ಕಿಗೆ ಯಾವನ್ ಹೋಗ್ತಾನೆ, ಹೋಟೆಲ್ ಎಲ್ಲ ಖಾಲಿ ಹೊಡೀತಿರುತ್ತೆ ಅಂತ ಇವ್ರ ಲೆಕ್ಕ. ನೋಡಿದ್ರೆ ಒಂದು ರೂಮೂ ಇಲ್ಲ. ಸ್ಕೂಲಿಗೆ ಹಾಫ್ ಟರ್ಮ್ ರಜ, ಜೊತೆಗೆ ಪ್ರತಿ ಫೆಬ್ರವರೀಲಿ ಅಲ್ಲಿ ಯಾರ್ವಿಕ್ ವೈಕಿಂಗ್ ಫೆಸ್ಟಿವಲ್ ಅಂತ ನಡೆಯುತ್ತೆ, ಗಡ್ಡ ಬಿಟ್ಕೊಂಡು ಕೊಡ್ಲಿ ಹಿಡ್ಕೊಂಡು ಜನ ಎಲ್ಲೆಲ್ಲಿಂದಲೋ ಬರ್ತಾರೆ. ಕೊನೆಗೆ ಔಸ್ ನದಿ ಪಕ್ಕದಲ್ಲೇ ಎರಡು ರೂಮು ಸಿಕ್ತು, ಅದೂ ಕಮ್ಮಿ ರೇಟಿಗೆ, "ರಿವರ್ ವ್ಯೂ ಕಣೇ!" ಅಂತ ಇವ್ರು ಕುಣಿದಿದ್ದೇ ಕುಣಿದಿದ್ದು. ಹೋಗಿ ನೋಡಿದ್ರೆ ವ್ಯೂ ಏನೋ ಇತ್ತು, ಆದ್ರೆ ನಾವು ವಾಕಿಂಗ್ ಹೋಗ್ಬೇಕಿದ್ದ ನದಿ ದಡದ ರಸ್ತೆ ನದಿ ಒಳಗಿತ್ತು, ಬೆಂಚಿನ ಬೆನ್ನು ಮಾತ್ರ ಮೇಲೆ ಕಾಣ್ತಿತ್ತು, ಅದ್ರ ಮೇಲೊಂದು ಬಾತುಕೋಳಿ. ಆ ಊರಿಗೆ ಇದೆಲ್ಲ ಮಾಮೂಲು, ನದಿ ದಡದಲ್ಲಿ ಕಿಂಗ್ಸ್ ಆರ್ಮ್ಸ್ ಅಂತ ಒಂದು ಪಬ್ ಇದೆ, ಯಾವ ವರ್ಷ ನೀರು ಎಲ್ಲಿವರ್ಗೂ ಬಂದಿತ್ತು ಅಂತ ಗುರುತು ಮಾಡಿಟ್ಕೊಂಡಿದಾರೆ ಒಳಗೆ.

ಆದ್ರೆ ಇದೆಲ್ಲಕ್ಕಿಂತ ದೊಡ್ಡ ಬಾಂಬ್ ಬಿದ್ದಿದ್ದು ಟ್ರೇನಲ್ಲೇ. ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಿಂದ ಯಾರ್ಕಿಗೆ ಎರಡು ಗಂಟೆ ಹತ್ರ ಹತ್ರ. ಪೀಟರ್‌ಬರೋ ದಾಟಿದ್ಮೇಲೆ ನಮ್ಮನೆಯವ್ರು ಬಹಳ ಮುತುವರ್ಜಿಯಿಂದ ಚೀಸ್ ಸ್ಯಾಂಡ್‌ವಿಚ್ ತೆಗ್ದು ಅವ್ರಮ್ಮಂಗೆ ಕೊಟ್ರು. ಅತ್ತೆ ಕಿಟಕಿ ಕಡೆ ನೋಡ್ತಾನೇ, "ನಂಗೆ ಬೇಡ ಕಣೋ, ಇವತ್ತು ಏಕಾದಶಿ."

"ಅಮ್ಮಾ! ಮೊದ್ಲೇ ಹೇಳ್ಬಾರ್ದಾ?"

"ನೀನ್ ಕೇಳಿದ್ಯಾ? ನಿನ್ನ ಶೀಟಲ್ಲಿ ಟೈಮಿಗೆ ಕಾಲಮ್ ಇದೆ, ದುಡ್ಡಿಗೆ ಕಾಲಮ್ ಇದೆ, ತಿಥಿಗೆ ಇಲ್ವಲ್ಲ." ಹಂಗಂದು ಬ್ಯಾಗಿಂದ ಒಂಟಿಕೊಪ್ಪಲ್ ಪಂಚಾಂಗ ತೆಗ್ದು ಟ್ರೇ ಮೇಲೆ ಇಟ್ರು, ಸಾಕ್ಷಿಗೆ. ಮಾವಂಗೆ ಬಿಪಿ ಶುಗರ್ ಮಾತ್ರೆ ಇರೋದ್ರಿಂದ ಏಕಾದಶಿಗೆ ವಿನಾಯ್ತಿ ಇದೆ, ಅವ್ರು ಸದ್ದಿಲ್ದೆ ಎರಡೂ ಸ್ಯಾಂಡ್‌ವಿಚ್ ತಗೊಂಡ್ರು.

ಸ್ಟೇಷನ್ನಿಂದ ಆಚೆ ಬಂದು ಊರೊಳಗೆ ಹೋದ್ರೆ ಚರ್ಮ ಹೊದ್ಕೊಂಡು ಗುರಾಣಿ ಹಿಡ್ಕೊಂಡು ದೈತ್ಯರ ಹಾಗಿರೋ ಗಂಡಸ್ರು ಕಾಫಿ ಕುಡೀತಾ ನಿಂತಿದಾರೆ. ಅತ್ತೆ "ಇಲ್ಲೂ ದಸರಾನಾ?" ಅಂದ್ರು, ಮಾವ "ಆನೆ ಇಲ್ಲ, ಬರೀ ಮಾವುತ್ರು" ಅಂದ್ರು.

ಮೊದಲ್ನೇ ಐಟಂ ಬೆಟ್ಟೀಸ್. ಸೇಂಟ್ ಹೆಲೆನ್ಸ್ ಸ್ಕ್ವೇರಲ್ಲಿ 1937ರಿಂದ ಇರೋ ಟೀ ರೂಮು, ಹೊರಗೆ ಕ್ಯೂ ಇಲ್ದಿದ್ರೆ ಅಂಗಡಿ ಮುಚ್ಚಿದೆ ಅಂತ ಅರ್ಥ. ಶುರು ಮಾಡಿದ ಸ್ವಿಸ್ ಮನುಷ್ಯ ಫ್ರೆಡರಿಕ್ ಬೆಲ್‌ಮಾಂಟ್ ಬಗ್ಗೆ ಒಂದು ಕಥೆ ಹೇಳ್ತಾರೆ, ಇಂಗ್ಲೆಂಡಿಗೆ ಬಂದಿಳಿದಾಗ ಕೆಲಸದ ವಿಳಾಸ ಬರ್ದಿದ್ದ ಚೀಟಿ ಕಳ್ಕೊಂಡ್ನಂತೆ, ಇಂಗ್ಲಿಷೂ ಬರ್ದು, ಯಾರೋ ಪಾಪ ಬ್ರ್ಯಾಡ್‌ಫರ್ಡ್ ಟ್ರೇನ್ ಹತ್ತಿಸಿದ್ರಂತೆ, ಅಲ್ಲಿಂದ ಈ ಯಾರ್ಕ್‌ಶೈರ್ ಸೀಮೇಲೇ ಉಳ್ಕೊಂಡು 1919ರಲ್ಲಿ ಹ್ಯಾರೋಗೇಟಲ್ಲಿ ಮೊದಲ್ನೇ ಅಂಗಡಿ ತೆಗ್ದ. ಶೀಟ್ ಇಲ್ದೆ ಹೊರಟವ್ರಿಗೆ ಹೀಗೂ ಆಗುತ್ತೆ ನೋಡಿ ಅಂತ ನಾನು ಕ್ಯೂನಲ್ಲಿ ನಿಂತು ಇವ್ರಿಗೆ ಚುಚ್ಚಿದೆ. ಆ ಬೆಟ್ಟಿ ಯಾರು ಅಂತ ಇವತ್ತಿಗೂ ಖಾತ್ರಿಯಾಗಿ ಯಾರಿಗೂ ಗೊತ್ತಿಲ್ಲ, ಅತ್ತೆಗೆ ಅದೇ ಯೋಚ್ನೆ, "ಹೆಂಡ್ತಿ ಹೆಸರಂತೂ ಇರಲ್ಲ ಬಿಡು."

ಒಳಗೆ ಫ್ಯಾಟ್ ರಾಸ್ಕಲ್ ಅಂತ ಒಂದು ದಪ್ಪ ಬನ್ ತರಿಸಿದ್ವಿ. ಚೆರ್ರಿ ಹಣ್ಣಿನ ಕಣ್ಣು, ಬಾದಾಮಿ ಹಲ್ಲು, ಪ್ಲೇಟಲ್ಲಿ ಕೂತು ನಮ್ಮನ್ನೇ ನೋಡಿ ಹಲ್ಲು ಕಿರೀತಿತ್ತು. ಇನ್ನೊಂದು ಪ್ಲೇಟಲ್ಲಿ ಫ್ರೂಟ್ ಕೇಕು, ಪಕ್ಕದಲ್ಲಿ ವೆನ್ಸ್‌ಲಿಡೇಲ್ ಚೀಸು, ಯಾರ್ಕ್‌ಶೈರ್ ಕಡೆ ಕೇಕಿಗೆ ಚೀಸ್ ನಂಚ್ಕೋತಾರೆ. ಮಾವ "ಜಿಲೇಬಿಗೆ ಪನೀರ್ ನಂಚ್ಕೊಂಡ್ರಂತೆ" ಅಂತ ನಕ್ಕು ಒಂದು ಚೂರು ಬಾಯಿಗೆ ಹಾಕ್ಕೊಂಡ್ರು, ಆಮೇಲೆ ಪ್ಲೇಟು ಅವ್ರ ಕಡೆಗೇ ಹೋಯ್ತು, ನಮಗೆ ವಾಪಸ್ ಬರ್ಲಿಲ್ಲ. ಯಾರ್ಕ್‌ಶೈರ್ ಟೀ ಅಂತ ಫೇಮಸ್ ಬ್ರ್ಯಾಂಡ್ ಇದ್ಯಲ್ಲ, ಅದೂ ಇದೇ ಕಂಪನೀದು ಅಂತ ಇವ್ರು ಹೇಳಿದ್ರು. ಟೀ ತೋಟ ಎಲ್ಲಿದೆ, ನೋಡ್ಕೊಂಡು ಬರೋಣ ಅಂದ್ರು ಮಾವ. ತೋಟ ಇಲ್ಲಿ ಇಲ್ಲಪ್ಪಾ, ಎಲೆ ಎಲ್ಲ ಅಸ್ಸಾಮು, ಕೀನ್ಯಾ ಕಡೆಯಿಂದ ಬರುತ್ತೆ ಅಂತ ಗೊತ್ತಾದ್ಮೇಲೆ ಊಟದ ಹೊತ್ತಿನವರ್ಗೂ ಅದೊಂದೇ ಮಾತು, "ನಮ್ದು ನಮಗೇ ಮಾರ್ತಾರೆ ನೋಡಮ್ಮಾ."

ಊಟಕ್ಕೆ ಹೊರಟಾಗ ಇನ್ನೊಂದು ರಗಳೆ ಶುರುವಾಯ್ತು. ಮಾವ ರಿಟೈರ್ಡ್ ಹೆಲ್ತ್ ಇನ್ಸ್‌ಪೆಕ್ಟರ್. ಇಲ್ಲಿ ಹೋಟೆಲ್ ಬಾಗಿಲಿಗೆ ಹಸಿರು ಸ್ಟಿಕ್ಕರ್ ಅಂಟಿಸಿರ್ತಾರಲ್ಲ, ಸೊನ್ನೆಯಿಂದ ಐದರವರ್ಗೆ ಹೈಜೀನ್ ರೇಟಿಂಗು, ಅದನ್ನ ಕಂಡಿದ್ದೇ ಅವ್ರಿಗೆ ಪೆನ್ಷನ್ ಮರ್ತು ಸರ್ವೀಸ್ ವಾಪಸ್ ಬಂತು. ಮಗನ ಶೀಟು ಲೆಕ್ಕಕ್ಕೇ ಇಲ್ಲ. ಪ್ರತಿ ಬಾಗಿಲ ಮುಂದೆ ಕನ್ನಡಕ ಏರಿಸಿ ಬಗ್ಗಿ ನೋಡೋದು, ಐದಿದ್ರೆ "ಪರ್ವಾಗಿಲ್ಲ", ನಾಲ್ಕಿದ್ರೆ "ಒಂದು ಎಲ್ಲಿ ಹೋಯ್ತು?" ಇಂಗ್ಲೆಂಡಲ್ಲಿ ಸ್ಟಿಕ್ಕರ್ ಹಾಕ್ಲೇಬೇಕು ಅಂತ ಕಾನೂನಿಲ್ಲ, ಪಕ್ಕದ ವೇಲ್ಸಲ್ಲಿ ಇದೆ. ಇದನ್ನ ಹೇಳಿದ್ದೇ ತಡ, ಸ್ಟಿಕ್ಕರ್ ಇಲ್ದಿರೋ ಜಾಗ ಎಲ್ಲ ಅವ್ರ ಕಣ್ಣಿಗೆ ಪರಾರಿಯಾಗಿರೋ ಆರೋಪಿಗಳು. ಶೀಟಲ್ಲಿ ಕೆಂಪು ಬಣ್ಣ ಹಚ್ಚಿ "ಮಸ್ಟ್" ಅಂತ ಬರ್ದಿದ್ದ ಜಾಗಕ್ಕೂ ಸ್ಟಿಕ್ಕರ್ ಇರ್ಲಿಲ್ಲ. ಹೋಯ್ತು.

ಹಂಗೂ ಹಿಂಗೂ ಐದಿರೋ ಒಂದು ಪಬ್ ಸಿಕ್ತು. ಯಾರ್ಕ್‌ಶೈರ್ ಪುಡಿಂಗ್ ಬಗ್ಗೆ ನಮ್ಮನೆಯವ್ರದ್ದು ಉಪನ್ಯಾಸ, ಮೈದಾ ಹಾಲು ಮೊಟ್ಟೆ ಕಲಸಿ ಕಾದ ಕೊಬ್ಬಿಗೆ ಹುಯ್ದು ಓವನ್ನಲ್ಲಿಟ್ರೆ ಪೂರಿ ಉಬ್ಬಿದ ಹಾಗೆ ಉಬ್ಬುತ್ತೆ, ನಾಲ್ಕು ಇಂಚಿಗಿಂತ ಕಮ್ಮಿ ಇದ್ರೆ ಅದು ಯಾರ್ಕ್‌ಶೈರ್ ಪುಡಿಂಗೇ ಅಲ್ಲ ಅಂತ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯವ್ರೇ 2008ರಲ್ಲಿ ಹೇಳಿಬಿಟ್ಟಿದಾರೆ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ, "ಕೊಬ್ಬು ಅಂದ್ಯಲ್ಲ, ಯಾವುದ್ರದ್ದು?" ಇವ್ರು ನೀರು ಕುಡಿಯೋಕೆ ಶುರು ಮಾಡಿದ್ರು. ಅಷ್ಟೊತ್ತಿಗೆ ಆರ್ಡರ್ ತಗೊಳ್ಳೋ ಹುಡುಗಿ ಬಂದ್ಳು, ಬಹಳ ಒಳ್ಳೇ ಹುಡುಗಿ, ನಾವು ವೆಜಿಟೇರಿಯನ್ ಅಂದ ತಕ್ಷಣ ಅವಳೇ ಎಲ್ಲ ಬಿಡಿಸಿ ಹೇಳಿದ್ಳು, ಪುಡಿಂಗಿಗೆ ಹಾಕೋದು ದನದ ಕೊಬ್ಬು, ಗ್ರೇವೀಲೂ ಅದೇ, ಮತ್ತೆ ಚಿಪ್ಸೂ ಅದ್ರಲ್ಲೇ ಕರಿಯೋದು. ಚಿಪ್ಸು! ಯಾರ್ಕ್‌ಶೈರ್ ಕಡೆ ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ಆ ಪದ್ಧತಿ ಇನ್ನೂ ಜೋರಾಗೇ ಇದೆ. ಬರೀ ಆಲೂಗಡ್ಡೆ ತಾನೇ ಅಂತ ಇಲ್ಲಿವರ್ಗೂ ಬಂದ ನೆಂಟ್ರಿಷ್ಟರಿಗೆಲ್ಲ ಊರೂರಲ್ಲಿ ಇದೇ ನಮ್ಮನೆಯವ್ರು ಚಿಪ್ಸ್ ಕೊಡಿಸಿರೋದು ನಂಗೆ ನೆನಪಾಯ್ತು, ಅವ್ರಿಗೂ ನೆನಪಾಯ್ತು ಅಂತ ಅವ್ರ ಮುಖದಲ್ಲಿ ಗೊತ್ತಾಯ್ತು, ಇಬ್ರೂ ಮೆನು ಕಾರ್ಡಿಂದ ತಲೆ ಎತ್ತಲಿಲ್ಲ. ಕೊನೆಗೆ ತಿಂದಿದ್ದು ಟೊಮೇಟೊ ಸೂಪು, ಬ್ರೆಡ್ಡು. ಶೀಟಲ್ಲಿ ಇದಕ್ಕೆ ಸಾಲೇ ಇರ್ಲಿಲ್ಲ.

ಈಗ ಅತ್ತೆ ವಿಷಯ. ಏಕಾದಶಿಗೆ ಅಕ್ಕಿ ಗೋಧಿ ಬೇಳೆ ಇಲ್ಲ, ಹಾಲು ಹಣ್ಣು ನಡೆಯುತ್ತೆ. ಯಾರ್ಕು ಎಂಥ ಊರು ಅಂದ್ರೆ ಚಾಕೊಲೇಟಿಂದಾನೇ ಬದುಕಿದ ಊರು. ರೌನ್‌ಟ್ರೀ ಅಂತ ಕ್ವೇಕರ್ ಅನ್ನೋ ಕ್ರೈಸ್ತ ಪಂಗಡದ ಮನೆತನ, ಹೆಂಡ ಮುಟ್ಟದ ಜನ, ಕುಡಿಯೋದಾದ್ರೆ ಕೋಕೋ ಕುಡೀರಿ ಅನ್ನೋರು, ಕಿಟ್‌ಕ್ಯಾಟ್ ಹುಟ್ಟಿದ್ದು ಅವ್ರ ಫ್ಯಾಕ್ಟರೀಲೇ, 1935ರಲ್ಲಿ. ಅದೇ ಊರಿನ ಟೆರ್ರೀಸ್ ಅನ್ನೋರದ್ದು 1932ರ ಚಾಕೊಲೇಟ್ ಆರೆಂಜು. ಇದನ್ನೆಲ್ಲ ನಾವು ತಿಳ್ಕೊಂಡಿದ್ದು ಕಿಂಗ್ಸ್ ಸ್ಕ್ವೇರಲ್ಲಿರೋ ಚಾಕೊಲೇಟ್ ಮ್ಯೂಸಿಯಮ್ಮಲ್ಲಿ, ಗೈಡು ಕಥೆ ಹೇಳ್ತಾ ಹೇಳ್ತಾ ತಿನ್ನೋಕೂ ಕೊಡ್ತಿದ್ರು. ಅತ್ತೆ ಪ್ರತಿ ಸಲ ನನ್ನ ಕಡೆ ತಿರುಗಿ, "ಇದ್ರಲ್ಲಿ ಧಾನ್ಯ ಇದ್ಯೇನೇ?" ಇಲ್ಲ ಅತ್ತೆ, ಕೋಕೋ, ಹಾಲು, ಸಕ್ಕರೆ. "ಹಾಗಾದ್ರೆ ಇನ್ನೊಂದು ಇರ್ಲಿ." ಕಿಟ್‌ಕ್ಯಾಟ್ ಮಾತ್ರ ವೇಫರ್ ಇದೆ ಅಂತ ನಾಳೆ ದ್ವಾದಶಿಗೆ ಅಂತ ಪರ್ಸಲ್ಲಿಟ್ಕೊಂಡ್ರು. ಚಾಕೊಲೇಟ್ ಪ್ಯಾಕೆಟ್ ಹಿಂದೆ ಸಣ್ಣಕ್ಷರದಲ್ಲಿ ಸೋಯಾ ಲೆಸಿಥಿನ್ ಅಂತ ಬರ್ದಿರ್ತಾರೆ, ಸೋಯಾ ಅಂದ್ರೆ ಕಾಳು, ಅದನ್ನ ನಾನು ಓದಿ ಹೇಳ್ಲಿಲ್ಲ, ದೇವ್ರಿಗೆ ಗೊತ್ತು, ನಂಗೆ ಗೊತ್ತು. ಸಂಜೆ ಹೊತ್ತಿಗೆ ಹಾಟ್ ಚಾಕೊಲೇಟು, ಹಣ್ಣಿನ ಬೌಲು, ಮತ್ತೆ ಹಾಟ್ ಚಾಕೊಲೇಟು. ಉಪವಾಸ ಇದ್ದವ್ರ ಮುಖದಲ್ಲಿ ಆ ಕಳೆ ನಾನಂತೂ ಯಾವತ್ತೂ ನೋಡಿರ್ಲಿಲ್ಲ, ನಮ್ಮನೆಯವ್ರು ಮಾತ್ರ ಸೂಪ್ ಕುಡಿದ ಮುಖ ಹೊತ್ಕೊಂಡು ಹಿಂದೆ ಬರ್ತಿದ್ರು.

ಚಾಕೊಲೇಟ್ ಆರೆಂಜನ್ನ ಪೇಪರ್ ಬಿಚ್ಚೋ ಮುಂಚೆ ಗಟ್ಟಿ ಜಾಗಕ್ಕೆ ಒಂದ್ಸಲ ಕುಟ್ಟಬೇಕು, ಆಗ ಒಳಗಿರೋ ಇಪ್ಪತ್ತು ತೊಳೆ ಬಿಡಿಬಿಡಿ ಆಗುತ್ತೆ. ಮಿನ್‌ಸ್ಟರ್ ಮುಂದೆ ನಿಂತಿದ್ವಿ, "ಮಾವ, ಸ್ವಲ್ಪ ಕುಟ್ಟಿ" ಅಂತ ಕೈಗೆ ಕೊಟ್ಟೆ. ಉಂಡೆಯಾಗಿದೆ, ಎದುರಿಗೆ ದೇವ್ರ ಗುಡಿ, ಕಲ್ಲು ಹಾಸು. ಮಾವ ಕಣ್ಮುಚ್ಚಿ ಒಂದು ನಮಸ್ಕಾರ ಹಾಕಿ, ಈಡುಗಾಯಿ ಹೊಡಿಯೋ ರಭಸದಲ್ಲಿ ಬೀಸಿ ನೆಲಕ್ಕೆ ಅಪ್ಪಳಿಸಿದ್ರು. ಪೇಪರ್ ಹರಿದು ತೊಳೆಗಳು ದಿಕ್ಕು ದಿಕ್ಕಿಗೆ ಚೆಲ್ಲಾಡಿದ್ವು, ಒಬ್ಬ ವೈಕಿಂಗ್ ಬೂಟಿನ ಹತ್ರಾನೂ ಒಂದೆರಡು. ಆತ ಗುರಾಣಿ ಕೆಳಗಿಟ್ಟು, ಬಗ್ಗಿ ಎತ್ಕೊಂಡು, ಬಹಳ ವಿನಯದಿಂದ ತಂದು ಅತ್ತೆ ಕೈಗೆ ಕೊಟ್ಟ. "ಪ್ರಸಾದ ಕಣಪ್ಪಾ, ನೀನೇ ತಿನ್ನು" ಅಂತ ಅತ್ತೆ ಕನ್ನಡದಲ್ಲೇ ಹೇಳಿದ್ರು, ಆತ ಊದಿ ಧೂಳು ಹಾರಿಸಿ ತಿಂದ.

ಶ್ಯಾಂಬಲ್ಸ್ ಬೀದೀಲಿ ಫೋಟೋ ಸೆಷನ್ನು. ಎರಡೂ ಕಡೆ ಮರದ ಹಳೇ ಮನೆಗಳು ಮೇಲ್ಗಡೆ ಬಾಗ್ಕೊಂಡು ಬಂದು ಆಕಾಶ ಒಂದು ಗೆರೆ ಮಾತ್ರ ಕಾಣುತ್ತೆ. ಅಂಗಡಿಗಳ ಹೊರಗಡೆ ಸಾಲಾಗಿ ಕಬ್ಬಿಣದ ಕೊಕ್ಕೆ. "ಉಯ್ಯಾಲೆಗಾ?" ಅಂತ ಅತ್ತೆ ಅದ್ರ ಕೆಳಗೇ ನಿಂತು ಪೋಸ್ ಕೊಟ್ರು. ಅದು ಕಸಾಯಿ ಬೀದಿ, 1872ರಲ್ಲೂ ಅಲ್ಲಿ 25 ಕಸಾಯಿ ಅಂಗಡಿ ಇದ್ವು, ಈಗ ಒಂದೂ ಇಲ್ಲ, ಕೊಕ್ಕೆ ಮಾತ್ರ ಮಾಂಸ ನೇತು ಹಾಕಿದ್ದ ಜಾಗದಲ್ಲೇ ಇದೆ. ಆ ಫೋಟೋ ಈಗ ಮೈಸೂರಿನ ಮನೆ ಹಾಲಲ್ಲಿ ಫ್ರೇಮ್ ಆಗಿದೆ, ಪಕ್ಕದಲ್ಲೇ ರಾಯರ ಫೋಟೋ, ನಾವ್ಯಾರೂ ಏನೂ ಹೇಳಿಲ್ಲ.

ಭಾನುವಾರ ದ್ವಾದಶಿ ಪಾರಣೆ. ಸೂರ್ಯ ಹುಟ್ಟೋದೇ ಏಳರ ಮೇಲೆ, ಹೋಟೆಲ್ ಬ್ರೇಕ್‌ಫಾಸ್ಟ್ ಶುರುವಾಗೋದು ಎಂಟಕ್ಕೆ, ಅತ್ತೆ ಕಾಯ್ತಾರಾ, ರೂಮಿನ ಕೆಟಲಲ್ಲಿ ನೀರು ಕಾಯಿಸಿ ಊರಿಂದ ತಂದಿದ್ದ ಗೊಜ್ಜವಲಕ್ಕಿ ಪುಡಿಗೆ ಹುಯ್ದು ಮುಚ್ಚಿಟ್ರು, ಹುಳಿ ಇಂಗಿನ ವಾಸ್ನೆ ಕಾರಿಡಾರ್ ತುಂಬ. ಸತ್ಯ ಹೇಳ್ಬೇಕಂದ್ರೆ ಆ ಇಡೀ ಟ್ರಿಪ್ಪಲ್ಲಿ ನಮ್ಮನೆಯವ್ರು ಎರಡನೇ ಸಲ ಹಾಕಿಸ್ಕೊಂಡು ತಿಂದಿದ್ದು ಅದೊಂದೇ. ಹೈಡ್ ಆಗಿದ್ದ ಸಂಡೇ ರೋಸ್ಟ್ ಸಾಲು ಹೈಡ್ ಆಗೇ ಉಳೀತು, "ನೀವೆಲ್ಲ ಮ್ಯೂಸಿಯಂ ನೋಡ್ತಿರಿ, ನಾನು ಒಂದು ಆಫೀಸ್ ಕಾಲ್ ಮುಗಿಸ್ಕೊಂಡು ಬರ್ತೀನಿ" ಅಂತ ಒಂದು ಟ್ರೈ ಕೊಟ್ರು, "ಭಾನುವಾರ ಯಾವ ಆಫೀಸೋ" ಅಂತ ಮಾವ ಎಳ್ಕೊಂಡು ಹೋದ್ರು.

ಮ್ಯೂಸಿಯಂ ಅಂದ್ರೆ ಯಾರ್ವಿಕ್ ವೈಕಿಂಗ್ ಸೆಂಟರ್. ಅಲ್ಲಿ ಗಾಜಿನ ಪೆಟ್ಟಿಗೇಲಿ ಒಂದು ವಸ್ತು ಇದೆ, 1972ರಲ್ಲಿ ಒಂದು ಬ್ಯಾಂಕ್ ಕಟ್ಟೋ ಜಾಗದಲ್ಲಿ ಅಗೆದಾಗ ಸಿಕ್ಕಿದ್ದು, ಸುಮಾರು 20 ಸೆಂಟಿಮೀಟರ್ ಉದ್ದ. ಒಂಬತ್ತನೇ ಶತಮಾನದ ಯಾರೋ ವೈಕಿಂಗ್ ಬೆಳಗಿನ ಹೊತ್ತು ಬಿಟ್ಟು ಹೋದದ್ದು, ಕಲ್ಲಾಗಿದೆ. ಹೂಂ, ಅದೇ. ಸೈಂಟಿಸ್ಟ್‌ಗಳು ಪರೀಕ್ಷೆ ಮಾಡಿ ಆ ಪುಣ್ಯಾತ್ಮ ಹೆಚ್ಚಾಗಿ ತಿಂತಿದ್ದಿದ್ದು ಮಾಂಸ, ಬ್ರೆಡ್ಡು, ಹೊಟ್ಟೇಲಿ ಜಂತುಹುಳು ಇತ್ತು ಅಂತೆಲ್ಲ ಕಂಡುಹಿಡಿದಿದಾರೆ. 2003ರಲ್ಲಿ ಬಂದವ್ರಿಗೆ ತೋರಿಸ್ತಿದ್ದಾಗ ಬಿದ್ದು ಮೂರು ತುಂಡಾಗಿತ್ತಂತೆ, ಕೂತು ಅಂಟಿಸಿದಾರೆ.

ಅತ್ತೆ ಸೆರಗು ಮೂಗಿಗೆ ಹಿಡ್ಕೊಂಡು ಮುಂದೆ ಹೋದ್ರು. ಮಾವ ಹೋಗ್ಲಿಲ್ಲ. ಕನ್ನಡಕ ಏರಿಸಿ, ಕೈ ಹಿಂದೆ ಕಟ್ಕೊಂಡು, ಬಗ್ಗಿ ಈ ತುದಿಯಿಂದ ಆ ತುದಿವರ್ಗೂ ನೋಡಿದ್ರು, ಬೋರ್ಡನ್ನ ಎರಡು ಸಲ ಓದಿದ್ರು. ಆಮೇಲೆ ಮಗನ ಕಡೆ ತಿರುಗಿ, "ನಿನ್ನ ಶೀಟಲ್ಲಿ ಮಾರ್ಕ್ಸ್ ಕಾಲಮ್ ಖಾಲಿ ಇದ್ಯಲ್ಲ, ತೆಗಿ."

ನಮ್ಮನೆಯವ್ರು ಫೋನ್ ತೆಗೆದ್ರು.

"ಹೈಜೀನು ಸೊನ್ನೆ. ನಾರಿನಂಶ ಕಮ್ಮಿ. ಬರ್ಕೋ."

ಬರ್ಕೊಂಡ್ರು.