ದೊರೆಯನ್ನು ‘ನೀನು’ ಎಂದ ಪೂಜಾರಿ

ತಿಂಗಳಿಗೆ ಎರಡು ಭಾನುವಾರ ನಾವು ಐದು ಜನ ಗೆಳೆಯರು ಕಲೆತು ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ. ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ಕಟ್ಟುವ ಆಟವಿದು; ಪಾತ್ರದ ಪ್ರಯತ್ನ ಫಲಿಸಿತೇ ಎಂಬುದನ್ನು ದಾಳ ಉರುಳಿಸಿ ತಿಳಿಯುತ್ತೇವೆ. ಕಥೆ ನಡೆಸುವ ಡಂಜನ್ ಮಾಸ್ಟರ್ ನಾನು. ಆಡುವ ಮಾತು ಕನ್ನಡವೇ ಆದರೂ, ಕಥೆಯೊಳಗೆ ದೊರೆಯೊಬ್ಬ ಕಾಣಿಸಿಕೊಂಡ ಕೂಡಲೇ ಎಲ್ಲರ ಬಾಯಲ್ಲೂ ‘ಮೈ ಲಾರ್ಡ್’, ‘ಯುವರ್ ಮೆಜೆಸ್ಟಿ’ ಶುರುವಾಗುತ್ತಿತ್ತು. ಇದು ನನಗೆ ಬಹಳ ದಿನ ಕಿರಿಕಿರಿ ಮಾಡಿತ್ತು.

ಈ ಆಟದಲ್ಲಿ ಬಿರುದುಗಳಿಗೆ ಮೊದಲಿನಿಂದಲೂ ಜಾಗವಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದಾಗ ಪಾತ್ರ ಬಲಿತಂತೆ ಏರುವ ಪ್ರತಿಯೊಂದು ಲೆವೆಲ್‌ಗೂ, ಅಂದರೆ ಹಂತಕ್ಕೂ, ಒಂದೊಂದು ಹೆಸರಿತ್ತು: ಯೋಧನು ‘ವೆಟರನ್’ ಆಗಿ ಹೊರಟು ಒಂಬತ್ತನೆಯ ಲೆವೆಲ್‌ನಲ್ಲಿ ‘ಲಾರ್ಡ್’ ಆಗುತ್ತಿದ್ದ, ಪುರೋಹಿತನು ‘ವಿಲೇಜ್ ಪ್ರೀಸ್ಟ್’, ‘ಬಿಷಪ್’ ಎಂದು ಏರುತ್ತಾ, ನಡುವೆ ಏಕೋ ‘ಲಾಮಾ’ ಕೂಡ ಆಗಿ, ‘ಪೇಟ್ರಿಯಾರ್ಕ್’ ಪದವಿಗೆ ತಲುಪುತ್ತಿದ್ದ. ನನಗೆ ಹೆಚ್ಚು ಹಿಡಿಸಿದ್ದು 1978ರ ನಿಯಮಗಳಲ್ಲಿ ಬರುವ ಮಾಂಕ್‌ನ, ಅಂದರೆ ಕಾದಾಡುವ ಸನ್ಯಾಸಿ ಪಾತ್ರದ, ಏರ್ಪಾಡು. ಅಲ್ಲಿ ಮೇಲಿನ ಪದವಿಗಳಲ್ಲಿ ಒಂದೊಂದಕ್ಕೂ ಒಬ್ಬನೇ ಒಡೆಯ. ಏರಬೇಕೆಂದವನು ಅವನನ್ನು ಒಂಟಿ ಕಾಳಗದಲ್ಲಿ ಸೋಲಿಸಿಯೇ ಏರಬೇಕು. 1989ರ ಎರಡನೆಯ ಆವೃತ್ತಿಯಲ್ಲಿ ಈ ಲೆವೆಲ್ ಹೆಸರುಗಳನ್ನು ತೆಗೆದುಹಾಕಿದರು. ಬಹುಪಾಲು ಹೆಸರುಗಳು ಹೋದದ್ದಕ್ಕೆ ಬೇಸರವಿಲ್ಲ, ಏಕೆಂದರೆ ಅವು ಹಾಳೆಯ ಮೇಲಿದ್ದವೇ ಹೊರತು ಯಾರೂ ಯಾರನ್ನೂ ಹಾಗೆ ಕರೆಯುತ್ತಿರಲಿಲ್ಲ.

ಇಂಗ್ಲಿಷಿನಲ್ಲಿ ಇಂದು ಉಳಿದಿರುವುದು ‘ಯೂ’ ಒಂದೇ ಆದ್ದರಿಂದ, ಮೇಲು ಕೀಳನ್ನು ತೋರಿಸುವ ಭಾರವೆಲ್ಲ ಬಿರುದುಗಳ ಮೇಲೆಯೇ ಬೀಳುತ್ತದೆ. ಹಳೆಯ ಕಾಲದ ಸೊಗಸು ಬರಲೆಂದು ಕೆಲವರು ದೊರೆಯನ್ನು ‘ದೌ’ ಎಂದು ಕರೆಯುತ್ತಾರೆ. ಆದರೆ ಅದು ಆಪ್ತರಿಗೆ, ಕಿರಿಯರಿಗೆ, ಸೇವಕರಿಗೆ ಸಲ್ಲುತ್ತಿದ್ದ ಏಕವಚನ. ಗೌರವವೆಂದು ಭಾವಿಸಿ ಸಿಂಹಾಸನದ ಮುಂದೆ ನಿಂತು ‘ಏನಪ್ಪಾ, ನೀನು’ ಎಂದಂತೆ!

ನಮಗೆ ಆ ಕೊರತೆಯಿಲ್ಲ. ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳಿವೆ. ಅದಕ್ಕಿಂತ ಮುಖ್ಯವಾಗಿ, ಎದುರಿಗಿಲ್ಲದವರ ಬಗ್ಗೆ ಆಡುವ ಮಾತಿನಲ್ಲಿಯೂ ಬಂದ, ಬಂದರು ಎಂಬ ವ್ಯತ್ಯಾಸವನ್ನು ತಪ್ಪಿಸಿಕೊಳ್ಳುವಂತಿಲ್ಲ. ಒಮ್ಮೆ ನಮ್ಮ ಕಥೆಯ ಮಂತ್ರಿ ಆಸ್ಥಾನದಲ್ಲಿ ದೊರೆಯನ್ನು ‘ತಾವು’ ಎನ್ನುತ್ತಿದ್ದವನು, ಹೊರಗೆ ಬಂದು ಬಾಗಿಲು ಮುಚ್ಚಿದ ಮೇಲೆ, ‘ಅವನು ಇವತ್ತು ಯಾರನ್ನೂ ನೋಡುವುದಿಲ್ಲ’ ಎಂದ. ಮೇಜಿನ ಸುತ್ತ ಕುಳಿತಿದ್ದ ನಾಲ್ವರೂ ಒಮ್ಮೆಲೇ ತಲೆಯೆತ್ತಿದರು. ಸಂಚಿನ ಸುಳಿವು ಹಿಡಿಯಲು ಯಾರೂ ದಾಳ ಉರುಳಿಸಬೇಕಾಗಲಿಲ್ಲ.

ಹಾಗಿದ್ದೂ ನಾವು ಇಂಗ್ಲಿಷಿಗೆ ಓಡುತ್ತಿದ್ದುದೇಕೆಂಬುದು ಗೆಳೆಯನೊಬ್ಬನಿಂದ ತಿಳಿಯಿತು. ಜಮೀನ್ದಾರನಂಥ ಪಾತ್ರವೊಂದನ್ನು ‘ಬುದ್ಧೀ’ ಎಂದು ಕರೆಯುವಂತೆ ನಾನು ಸೂಚಿಸಿದಾಗ ಆತ ತಣ್ಣಗೆ, ‘ನಮ್ಮ ತಾತ ಬಾಗಿಲ ಹೊರಗೆ ನಿಂತು ಹಾಗೆ ಕರೆಯಬೇಕಾಗಿತ್ತು, ನಾನು ಆಟಕ್ಕೂ ಕರೆಯುವುದಿಲ್ಲ’ ಎಂದ. ‘ಮೈ ಲಾರ್ಡ್’ ನಮ್ಮ ನಾಲಿಗೆಗೆ ಏನೂ ಆಗದ ಪದ. ಬುದ್ಧಿ, ಧಣಿ, ಒಡೆಯ ಎಂಬವು ಹಾಗಲ್ಲ, ಅವುಗಳ ಹಿಂದೆ ಜಾತಿ ಇದೆ, ಜೀತ ಇದೆ. ಅಂದಿನಿಂದ ಆ ಪದಗಳನ್ನು ಆಟಗಾರರ ಬಾಯಲ್ಲಿ ಒತ್ತಾಯದಿಂದ ಹಾಕುವುದನ್ನು ಬಿಟ್ಟಿದ್ದೇನೆ. ಯಾವುದೇ ಡಂಜನ್ ಮಾಸ್ಟರ್ ಹಾಗೆ ಮಾಡಬಾರದು ಎಂಬುದು ನನ್ನ ಅಭಿಪ್ರಾಯ.

ಬಿರುದುಗಳನ್ನಂತೂ ಶಾಸನಗಳಿಂದ ಕಲಿತೆ. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದು ‘ತಳಕಾಡುಗೊಂಡ’ನಾದ, ಅದು ಲೆವೆಲ್ ಏರಿದ್ದಕ್ಕೆ ಸಿಕ್ಕ ಹೆಸರಲ್ಲ, ಮಾಡಿದ ಕೆಲಸಕ್ಕೆ ಸಿಕ್ಕ ಹೆಸರು. ನಮ್ಮ ಆಟದಲ್ಲಿಯೂ ಈಗ ಅದೇ ಕ್ರಮ: ಸೇತುವೆ ಕಾದವಳು ‘ಸೇತುವೆಗಾತಿ’, ಮತ್ತು ಆ ಹೆಸರು ಅದನ್ನು ಕಂಡ ಊರಿನಲ್ಲಿ ಮಾತ್ರ ನಡೆಯುತ್ತದೆ. ಪಕ್ಕದ ಊರಿನ ಕಾವಲುಗಾರ ಅವಳನ್ನು ಈಗಲೂ ‘ಏಯ್’ ಎಂದೇ ತಡೆಯುತ್ತಾನೆ.

ಕಳೆದ ತಿಂಗಳು ನಮ್ಮ ಪೂಜಾರಿ ಪಾತ್ರಧಾರಿ ತುಂಬಿದ ಸಭೆಯಲ್ಲಿ ದೊರೆಯನ್ನು ‘ನೀನು’ ಎಂದುಬಿಟ್ಟ. ಬಾಯಿ ತಪ್ಪಿತೇ ಎಂದು ಕೇಳಿದೆ. ‘ಇಲ್ಲ, ದೇವರನ್ನೇ ದಿನಾ ನೀನು ಎನ್ನುವವನು ಇವನನ್ನು ತಾವು ಎಂದರೆ ದೇವರಿಗೆ ಏನನ್ನಿಸೀತು?’ ಎಂದ. ದೊರೆಯ ಪಾತ್ರದಲ್ಲಿದ್ದ ನನ್ನ ಬಳಿ ಉತ್ತರವಿರಲಿಲ್ಲ. ಸಭೆಯೆಲ್ಲ ನೋಡುತ್ತಿದ್ದುದರಿಂದ ಅವನನ್ನು ಸೆರೆಗೆ ಹಾಕಿಸಿದೆ. ಉಳಿದ ಮೂವರು ಅವನನ್ನು ಬಿಡಿಸಲು ಇನ್ನೂ ಸುರಂಗ ತೋಡುತ್ತಿದ್ದಾರೆ.