ಕಟಕಟೆಯಲ್ಲಿ ಕಾಣದ ಗಂಡ

ನಾನು ನೆಲೆಸಿರುವ ನಾರ್ತ್ ಕ್ಯಾರೊಲಿನಾದಲ್ಲಿ ಒಂದು ವಿಚಿತ್ರ ಕಾನೂನಿದೆ. ಗಂಡ ಇನ್ನೊಬ್ಬಳ ಕಡೆ ವಾಲಿದರೆ ಹೆಂಡತಿ ಆ ಇನ್ನೊಬ್ಬಳ ಮೇಲೆ ಪರಿಹಾರದ ದಾವೆ ಹೂಡಬಹುದು. ಚೆನ್ನಾಗಿದ್ದ ಗಂಡನ ಮನಸ್ಸನ್ನು ಅವಳು ಕಿತ್ತುಕೊಂಡಳು ಎಂಬುದೇ ದೂರು. (ಗಂಡನೂ ಹೆಂಡತಿಯ ಗೆಳೆಯನ ಮೇಲೆ ಹೀಗೆಯೇ ಹೋಗಬಹುದು.) 2010ರಲ್ಲಿ ಇಲ್ಲಿನ ಗ್ರೀನ್ಸ್‌ಬರೋದಲ್ಲಿ ಇಂಥ ಒಬ್ಬ ಪತ್ನಿಗೆ 90 ಲಕ್ಷ ಡಾಲರ್ ಕೊಡಬೇಕೆಂದು ಜ್ಯೂರಿ ತೀರ್ಪಿತ್ತಿತು. ಅಮೆರಿಕದ ಬಹುತೇಕ ರಾಜ್ಯಗಳು ಈ ಕಾನೂನನ್ನು ಎಂದೋ ಕೈಬಿಟ್ಟಿವೆ. ಈಗ ಬೆರಳೆಣಿಕೆಯ ಕಡೆ ಮಾತ್ರ ಉಳಿದಿದೆ.

ಕರ್ನಾಟಕದಲ್ಲಿರುವ ನಂಟರಿಗೆ ಇದನ್ನು ಹೇಳಿದರೆ ‘ನಮ್ಮಲ್ಲೂ ಇರಬೇಕಿತ್ತು’ ಎನ್ನುವವರೇ ಹೆಚ್ಚು. ಅದರಲ್ಲೂ ಹೆಂಗಸರು. ನಮ್ಮಲ್ಲಿದ್ದದ್ದು ಏನು ಎಂಬುದನ್ನೂ ಒಮ್ಮೆ ನೋಡಬೇಕು. 1860ರ ಭಾರತೀಯ ದಂಡ ಸಂಹಿತೆಯ 497ನೇ ಕಲಮಿನಲ್ಲಿ ಪರರ ಹೆಂಡತಿಯ ಜೊತೆ, ಅವಳ ಗಂಡನ ಸಮ್ಮತಿಯಿಲ್ಲದೆ ಸಂಬಂಧ ಬೆಳೆಸಿದವನಿಗೆ ಐದು ವರ್ಷಗಳವರೆಗೆ ಜೈಲು ಎಂದಿತ್ತು. ಗಂಡ ಒಪ್ಪಿದ್ದರೆ ಅಪರಾಧವೇ ಇಲ್ಲ! ಮದುವೆಯಾದ ಗಂಡಸು ಅವಿವಾಹಿತೆಯನ್ನೋ ವಿಧವೆಯನ್ನೋ ಹುಡುಕಿಕೊಂಡರೆ ಆ ಕಲಮು ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವನ ಹೆಂಡತಿಗೆ ದೂರು ಕೊಡುವ ಹಕ್ಕೂ ಇರಲಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ವಿಚ್ಛೇದನ ಕೋರಲು ವ್ಯಭಿಚಾರ ಈಗಲೂ ಒಂದು ಕಾರಣ, ಅಷ್ಟೇ.

ಎರಡು ಕಡೆಯ ಲೆಕ್ಕವೂ ಬೇರೆ ಬೇರೆ, ಆದರೆ ಉಳಿಕೆ ಒಂದೇ. ಹೆಂಡತಿಗೆ ಮಾತು ಕೊಟ್ಟಿದ್ದವನು, ಆ ಮಾತಿಗೆ ತಪ್ಪಿದವನು ಗಂಡ. ಅಲ್ಲಿನ ಹಳೆಯ ಕಲಮಿಗೆ ಅವನು ಕಾಣುತ್ತಿರಲಿಲ್ಲ. ಇಲ್ಲಿನ ದಾವೆಯಲ್ಲಿ ಅವನು ಕಳುವಾದ ಸಾಮಾನು. ಮಾತು ಬಲ್ಲ, ಸಂಬಳ ತರುವ, ಸುಳ್ಳು ಹೇಳಲು ಬರುವ ಸಾಮಾನು.

ಮದುವೆಯಾದವನ ಜೊತೆಗಿನ ಸಂಬಂಧ ಹೇಗಿರುತ್ತದೆ ಎಂಬುದು ನನಗೆ ಗೊತ್ತಾದದ್ದು ಹಿಂದಿನ ಕಚೇರಿಯ ಸಹೋದ್ಯೋಗಿಯೊಬ್ಬರಿಂದ. ಆಕೆ ಇಲ್ಲಿಯವರೇ. ಎಲ್ಲ ಮುಗಿದು, ಕೆಲಸವನ್ನೂ ಬಿಟ್ಟ ಮೇಲೆ ಹೇಳಿಕೊಂಡರು. ತಾನಾಗಿ ಫೋನ್ ಮಾಡುವಂತಿರಲಿಲ್ಲ, ಅವನೇ ಮಾಡಬೇಕು. ಶನಿವಾರ, ಭಾನುವಾರ ಸಂದೇಶವನ್ನೂ ಕಳುಹಿಸುವಂತಿರಲಿಲ್ಲ. ಒಂದು ದಿನ ಅವನಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದ. ಆ ಸುದ್ದಿ ಆಕೆಗೆ ತಿಳಿದದ್ದು ಕಚೇರಿಯ ಎಲ್ಲರಿಗೂ ಬಂದ ಇ-ಮೇಲ್‌ನಿಂದ. ಆಸ್ಪತ್ರೆಗೆ ಹೋದರೆ ‘ನೀವು ಯಾರು?’ ಎಂದು ಕೇಳುತ್ತಾರೆ. ಮಧ್ಯಾಹ್ನ ಶುಭ ಹಾರೈಕೆಯ ಕಾರ್ಡೊಂದು ಮೇಜಿನಿಂದ ಮೇಜಿಗೆ ಬಂತು. ತನ್ನ ಸರದಿ ಬಂದಾಗ, ಮೇಲಿನವರು ಬರೆದದ್ದನ್ನೇ ನೋಡಿಕೊಂಡು ‘ಬೇಗ ಗುಣಮುಖರಾಗಿ’ ಎಂದು ಬರೆದು ಮುಂದಿನವರಿಗೆ ದಾಟಿಸಿದರಂತೆ.

ಆಕೆಯನ್ನು ಪಾಪದವಳೆಂದು ಕೂರಿಸುವ ಉದ್ದೇಶ ನನಗಿಲ್ಲ. ಅವನಿಗೆ ಸಂಸಾರವಿದೆ ಎಂದು ಆಕೆಗೆ ಮೊದಲ ದಿನದಿಂದಲೂ ಗೊತ್ತಿತ್ತು. ಮದುವೆಯನ್ನೇ ಮುಚ್ಚಿಟ್ಟು ಹೆಣ್ಣನ್ನು ನಂಬಿಸುವವನ ಕಥೆ ಬೇರೆ, ಅದು ಶುದ್ಧ ವಂಚನೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ‘ಹೆಂಡತಿಗೆ ನನ್ನ ಮೇಲೆ ಅಕ್ಕರೆಯಿಲ್ಲ, ಮಕ್ಕಳು ದೊಡ್ಡವರಾಗಲಿ’ ಎಂಬ ಮಾತನ್ನು ಆಕೆ ನಂಬಿದ್ದು ನಂಬಲು ಬೇಕಿತ್ತು ಎಂಬ ಕಾರಣಕ್ಕೆ. ಮಕ್ಕಳು ದೊಡ್ಡವರಾಗುತ್ತಾರೆ, ಆಮೇಲೆ ಅವರ ಕಾಲೇಜು ಬರುತ್ತದೆ.

ನನಗೆ ಅನ್ನಿಸುವುದು ಇಷ್ಟು. ಇಂಥವಳನ್ನು ಮನೆಮುರುಕಿ ಎಂದು ಎರಡೂ ದೇಶದವರು ಬೈಯುತ್ತಾರೆ, ಆದರೆ ಎಷ್ಟೋ ಮನೆಗಳು ನಿಂತಿರುವುದು ಅವಳ ಹೆಗಲ ಮೇಲೆ. ಹೆಂಡತಿಯ ಎದುರು ಬಾಯಿಬಿಟ್ಟು ಹೇಳಬೇಕಾದ ಅತೃಪ್ತಿಯನ್ನು ಗಂಡ ಇಲ್ಲಿ ತಂದು ಸುರಿಯುತ್ತಾನೆ, ಹಗುರಾಗಿ ಮನೆಗೆ ಹೋಗುತ್ತಾನೆ. ಹಾಗಾಗಿ ಮನೆಯಲ್ಲಿ ಜಗಳವಿಲ್ಲ. ಜಗಳವಿಲ್ಲದ್ದರಿಂದ ಏನೂ ಬದಲಾಗುವುದೂ ಇಲ್ಲ. ಒಬ್ಬಳಿಗೆ ಸುಳ್ಳು, ಇನ್ನೊಬ್ಬಳಿಗೆ ವಾಯಿದೆ. ಇಬ್ಬರಿಗೂ ಪೂರ್ತಿ ಉತ್ತರ ಕೊಡಬೇಕಾಗಿಲ್ಲ ಎನ್ನುವುದೇ ಅವನಿಗಿರುವ ದೊಡ್ಡ ಸುಖ. ಪ್ರೇಮ, ಕಾಮ ಎಲ್ಲ ಅದರ ನಂತರ.

ಭಾರತದಲ್ಲಿ ಈ ಹೆಗಲು ಇನ್ನೂ ಅಗ್ಗ. ಮದುವೆಯಾಗಿ ಮಕ್ಕಳಿದ್ದವನ ಜೊತೆ 18 ವರ್ಷ ಬಾಳಿದ ಹೆಂಗಸೊಬ್ಬರ ಪ್ರಕರಣ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟ್‌ಗೆ ಹೋಗಿತ್ತು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಕೆಳ ನ್ಯಾಯಾಲಯ ತಿಂಗಳಿಗೆ 18,000 ರೂಪಾಯಿ ಕೊಡಿಸಿತ್ತು, ಹೈಕೋರ್ಟ್ ಅದನ್ನು ತಳ್ಳಿಹಾಕಿತು. 2013ರಲ್ಲಿ ಸುಪ್ರೀಂ ಕೋರ್ಟ್ ಕೂಡ, ಅವನು ವಿವಾಹಿತನೆಂದು ತಿಳಿದೇ ಜೊತೆಗಿದ್ದುದರಿಂದ ಇದು ಮದುವೆಯಂಥ ಸಂಬಂಧವಲ್ಲ ಎಂದಿತು. ಇಂಥ ಹೆಂಗಸರು ಬೀದಿಪಾಲಾಗದಂತೆ ಸಂಸತ್ತು ಯೋಚಿಸಬೇಕು ಎಂಬ ಮಾತನ್ನೂ ಸೇರಿಸಿತು. ಹೆಂಡತಿಯ ದೃಷ್ಟಿಯಿಂದ ಆ ತೀರ್ಪನ್ನು ತಪ್ಪೆನ್ನಲಾರೆ. ಆದರೆ ತಿಳಿದೂ ಇದ್ದದ್ದು ಆಕೆಯೊಬ್ಬಳೇ ಏನು? ಅವನಿಗೂ ತನಗೆ ಮದುವೆಯಾಗಿದೆ ಎಂದು ತಿಳಿದಿತ್ತಲ್ಲ.

‘ನಮ್ಮಲ್ಲೂ ಇರಬೇಕಿತ್ತು’ ಎನ್ನುವವರಿಗೆ ಇಲ್ಲಿನ ಕಾನೂನಿನ ಇನ್ನೊಂದು ಸೂಕ್ಷ್ಮವನ್ನು ಹೇಳುತ್ತೇನೆ. ದಾವೆ ಹೂಡುವ ಹೆಂಡತಿ ವಿಚ್ಛೇದನ ಪಡೆದಿರಲೇಬೇಕೆಂದಿಲ್ಲ. ಗಂಡನೊಂದಿಗೆ ಬಾಳುತ್ತಲೇ ಆ ಇನ್ನೊಬ್ಬಳ ಮೇಲೆ ಕೋರ್ಟಿಗೆ ಹೋಗಬಹುದು, ಗೆದ್ದರೆ ಆ ಹಣದಲ್ಲಿ ಅದೇ ಮನೆಯ ಸಾಲ ತೀರಿಸಬಹುದು. ಗಂಡನಿಗೆ ಇರುವ ತೊಂದರೆಯೆಂದರೆ, ಸಾಕ್ಷಿ ಹೇಳಲು ಕರೆದ ದಿನ ಕಚೇರಿಗೆ ರಜೆ ಹಾಕಬೇಕಾಗುತ್ತದೆ.