ಬೆನ್ನು ತಿರುಗಿಸಿ ಕೂತವರ ಸಂಗೀತ

ಹೋದ ಶನಿವಾರ ನಮ್ಮೂರಿನ ಸಮುದಾಯ ಹಬ್ಬದಲ್ಲಿ ನಡೆದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಎರಡು ದಿನ ಸುಮ್ಮನಿದ್ದೆ. ಇವತ್ತು ಬರೆದೇ ಬಿಡೋಣ ಅನ್ನಿಸ್ತು. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ನಾವಿರೋದು ಐರ್ಲೆಂಡಿನ ಒಂದು ಚಿಕ್ಕ ಊರಲ್ಲಿ. ವರ್ಷಕ್ಕೊಂದು ಸಲ ಊರಲ್ಲಿರೋ ಎಲ್ಲ ದೇಶದವರೂ ಸೇರಿ ಹಬ್ಬ ಮಾಡ್ತೀವಿ. ಪೋಲೆಂಡಿನವರ ಹಾಡು, ಬ್ರೆಜಿಲ್‌ನವರ ಡೋಲು, ನೈಜೀರಿಯಾದವರ ಕುಣಿತ, ನಮ್ಮ ಕನ್ನಡ ಬಳಗದ ಕೋಲಾಟ. ಎಲ್ಲ ಚೆನ್ನಾಗೇ ಆಯ್ತು. ಆದರೆ ಈ ನೆಲದ್ದೇ ಆದ ಸಂಗೀತ, ನೃತ್ಯಕ್ಕೆ ಸಿಕ್ಕಿದ್ದು ಹತ್ತೇ ನಿಮಿಷ. ಅದರಲ್ಲಿ ಐದು ನಿಮಿಷ ಪುಟ್ಟ ಹುಡುಗಿಯರು ಗುಂಗುರು ವಿಗ್ ಹಾಕಿಕೊಂಡು ರೆಕಾರ್ಡ್ ಹಾಡಿಗೆ ಕುಣಿದರು. ಪಕ್ಕದಲ್ಲೇ ಆರು ಜನ ವಾದಕರು ವಾದ್ಯ ಹಿಡಿದು ಕಾಯ್ತಿದ್ದರು, ಅವರಿಗೆ ನುಡಿಸಿ ಅಂತ ಯಾರೂ ಹೇಳಲಿಲ್ಲ. ಆಮೇಲೆ ಆ ಆರು ಜನರನ್ನು ವೇದಿಕೆ ಮೇಲೆ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಮುಂದೂ ಮೈಕ್ ಇಟ್ಟರು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣೋ ಹಾಗಿಲ್ಲ. ಇಲ್ಲನ್ ಪೈಪ್ಸ್ ನುಡಿಸುವ ಹಿರಿಯರಿಗೆ ಮಾತ್ರ ಒಂದು ಕುರ್ಚಿ ಸಿಕ್ಕಿತು, ಅದೂ ಕೈ ಇರೋ ಪ್ಲಾಸ್ಟಿಕ್ ಕುರ್ಚಿ. ಇಲ್ಲನ್ ಅಂದರೆ ಐರಿಶ್ ಭಾಷೆಯಲ್ಲಿ ಮೊಣಕೈ. ಸ್ಕಾಟ್ಲೆಂಡಿನವರ ಪೈಪಿನ ಹಾಗೆ ಇದನ್ನು ಬಾಯಲ್ಲಿ ಊದೋದಿಲ್ಲ, ಒಂದು ಮೊಣಕೈ ಅಡಿಯಲ್ಲಿ ತಿದಿ, ಇನ್ನೊಂದರ ಅಡಿಯಲ್ಲಿ ಗಾಳಿಚೀಲ. ತಿದಿ ಒತ್ತಿದಾಗಲೆಲ್ಲ ಆ ಅಜ್ಜನ ಮೊಣಕೈ ಕುರ್ಚಿಯ ಕೈಗೆ ತಾಗ್ತಿತ್ತು. ನಾನು ಮುಂದಿನ ಸಾಲಲ್ಲೇ ಕೂತಿದ್ದೆ. ಎರಡನೇ ಟ್ಯೂನಿಗೆ ಹೊರಳುವಾಗ ಅರ್ಧ ಜನಕ್ಕೆ ಗೊತ್ತಾಗದೆ ಹಿಂದೆ ಉಳಿದರು. ಅಷ್ಟರಲ್ಲಿ ಸಮಯ ಮುಗೀತು ಅಂತ ಕೆಳಗಿನಿಂದ ಕೈಸನ್ನೆ ಬಂತು. ಅಜ್ಜ ಏನೂ ಮಾತಾಡದೆ ಬೆಲ್ಟ್ ಬಿಚ್ಚಿ, ಪೈಪಿನ ಒಂದೊಂದೇ ಭಾಗ ಕಳಚಿ ಪೆಟ್ಟಿಗೆಗೆ ಹಾಕಿಕೊಂಡರು.

ನನಗೆ ಇಷ್ಟು ಸಂಕಟ ಆಗೋಕೆ ಕಾರಣ ಇದೆ. 2025ರ ಆಗಸ್ಟಿನಲ್ಲಿ ಇದೇ ಸಂಗೀತವನ್ನು ವೆಕ್ಸ್‌ಫರ್ಡ್ ಪಟ್ಟಣದಲ್ಲಿ ಕೇಳಿ ಬಂದಿದ್ದೆ. ಫ್ಲಾ ಕ್ಯೋಲ್ ಅಂತ ಅಲ್ಲಿ ದೊಡ್ಡ ಹಬ್ಬ, ಅಂದರೆ ಸಂಗೀತದ ಜಾತ್ರೆ. ಒಂದು ವಾರ ನಡೆಯುತ್ತೆ, ಲಕ್ಷಗಟ್ಟಲೆ ಜನ ಬರ್ತಾರೆ. ವೆಕ್ಸ್‌ಫರ್ಡಿನ ಮುಖ್ಯ ರಸ್ತೆ ನಮ್ಮ ಹಳೇ ಪೇಟೆ ಬೀದಿಯಷ್ಟೇ ಇಕ್ಕಟ್ಟು. ಹತ್ತು ಹೆಜ್ಜೆಗೊಂದು ಗುಂಪು. ಬುಲ್‌ರಿಂಗ್ ಚೌಕದಲ್ಲಿ ಇಂಗ್ಲಿಷರ ಆಳ್ವಿಕೆ ವಿರುದ್ಧದ 1798ರ ದಂಗೆಯ ನೆನಪಿಗೆ ಭರ್ಜಿ ಹಿಡಿದು ನಿಂತ ರೈತನ ಪ್ರತಿಮೆ ಇದೆ. ಅದರ ಹತ್ತಿರ ಏಳೆಂಟು ಜನ ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಪ್ಪತ್ತು ದಾಟಿದ ಫಿಡಲ್ ವಾದಕರೊಬ್ಬರ ಪಕ್ಕದಲ್ಲೇ ಹನ್ನೆರಡರ ಹುಡುಗಿ ಕನ್ಸರ್ಟಿನಾ (ಎರಡೂ ಕೈಯಲ್ಲಿ ಹಿಗ್ಗಿಸಿ ಕುಗ್ಗಿಸಿ ನುಡಿಸೋ ಪುಟ್ಟ ವಾದ್ಯ) ಹಿಡಿದು ಕೂತಿದ್ದಳು. ಎಲ್ಲರ ಮುಖವೂ ಒಳಗಡೆಗೆ, ನಿಂತು ಕೇಳೋ ನಮ್ಮ ಕಡೆಗೆ ಅವರ ಬೆನ್ನು.

ಮೊದಲು ನನಗೆ ಇದೇನಪ್ಪ ಅನ್ನಿಸಿತು. ಐದು ನಿಮಿಷ ನಿಂತ ಮೇಲೆ ಅರ್ಥ ಆಯ್ತು. ಇದಕ್ಕೆ ಅವರು ಸೆಷನ್ ಅಂತಾರೆ. ಯಾರೋ ಒಬ್ಬರು ಒಂದು ಟ್ಯೂನ್ ಶುರು ಮಾಡ್ತಾರೆ. ಗೊತ್ತಿದ್ದವರು ಸೇರ್ಕೋತಾರೆ, ಗೊತ್ತಿಲ್ಲದವರು ವಾದ್ಯ ತೊಡೆ ಮೇಲಿಟ್ಟು ಕೇಳ್ತಾರೆ. ಸಾಮಾನ್ಯವಾಗಿ ಎಂಟು ಬಾರ್‌ಗಳ (ಬಾರ್ ಅಂದರೆ ಲಯದ ಒಂದು ಅಳತೆ) ಒಂದು ಭಾಗ ಎರಡು ಸಲ, ಇನ್ನೊಂದು ಎಂಟು ಬಾರ್‌ಗಳ ಭಾಗ ಎರಡು ಸಲ, ಹೀಗೆ ಇಡೀ ಟ್ಯೂನ್ ಮೂರು ಆವರ್ತ. ಮೂರನೆಯದು ಮುಗಿಯೋಕೆ ಮುಂಚೆ ಶುರು ಮಾಡಿದವರು ತಲೆ ಎತ್ತಿ ಒಂದು ನೋಟ ಕೊಡ್ತಾರೆ, ಹುಬ್ಬು ಸ್ವಲ್ಪ ಮೇಲೇರುತ್ತೆ. ಅಷ್ಟೇ ಸಾಕು. ಒಂದು ಕ್ಷಣವೂ ನಿಲ್ಲದೆ ಎಲ್ಲರೂ ಒಟ್ಟಿಗೆ ಮುಂದಿನ ಟ್ಯೂನಿಗೆ ಹಾರ್ತಾರೆ. ಹಾರಿದ ಕೂಡಲೇ ಗುಂಪಿನಿಂದ "ಹಪ್!" ಅಂತ ಒಂದು ಕೂಗು. ಬೌರಾನ್ ಅಂತ ಆಡಿನ ಚರ್ಮದ ಕೈತಮಟೆ ಇದೆಯಲ್ಲ, ಅದು ಒಂದಿದ್ದರೆ ಸಾಕು. ಎರಡನೆಯವರು ಬಂದರೆ ಮೊದಲನೆಯವರು ಮುಗಿಸೋವರೆಗೆ ಕಾಯೋದು ಮರ್ಯಾದೆ. ಮುಖ ನೋಡದೆ ಈ ಯಾವುದೂ ಆಗೋದಿಲ್ಲ. ವೇದಿಕೆ ಮೇಲೆ ಸಾಲು ನಿಲ್ಲಿಸಿದರೆ ಮೊದಲು ಸಾಯೋದು ಆ ಹುಬ್ಬಿನ ಸನ್ನೆ.

ಅವತ್ತು ನಿಂತು ಕೇಳ್ತಾ ನನಗೆ ನೆನಪಾಗಿದ್ದು ಸಾಗರದ ಕಡೆ ನಮ್ಮಜ್ಜನ ಮನೆಯ ಶನಿವಾರದ ಭಜನೆ. ಜಗಲಿ ಮೇಲೆ ಚಾಪೆ, ನಡುವೆ ದೀಪ, ಸುತ್ತ ಜನ. ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಡಿಯೋದು. ತಾಳ ಬಾರದ ಮಕ್ಕಳ ಕೈಗೂ ಒಂದು ಜೋಡಿ ತಾಳ. ಅಲ್ಲಿ ಕೇಳುಗರು ಅಂತ ಬೇರೆ ಯಾರೂ ಇರಲಿಲ್ಲ. ಭಜನೆ ಮುಗಿಸಿ ಅವಲಕ್ಕಿ ತಿಂದು ಎದ್ದು ಹೋಗೋರು.

ನನ್ನ ಮಗಳಿಗೆ ಒಂಬತ್ತು ವರ್ಷ. ಇಲ್ಲಿನ ಬಹಳಷ್ಟು ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಟಿನ್ ವಿಸಲ್ ಕಲಿಸ್ತಾರೆ, ಆರು ತೂತಿನ ತಗಡಿನ ಕೊಳಲು. ಒಂದು ಸಂಜೆ ಅವಳು ಅಡುಗೆಮನೆಗೆ ಬಂದು "ಅಮ್ಮಾ, ಹೊಸದು ಕಲಿತೆ ಕೇಳು" ಅಂತ ನುಡಿಸಿದಳು. ನಾನು ಸೌಟು ಹಿಡಿದು ಹಾಗೇ ನಿಂತುಬಿಟ್ಟೆ. ಅದು ನಾನು ಸಾಗರದಲ್ಲಿ ಸಂಗೀತದ ಪಾಠಕ್ಕೆ ಹೋಗ್ತಿದ್ದಾಗ ಕಲಿತ ನೊಟ್ಟುಸ್ವರ, ವಂದೇ ಮೀನಾಕ್ಷಿ! ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಇದ್ದಾಗ ಇಂಗ್ಲಿಷರ ಬ್ಯಾಂಡಿನಲ್ಲಿ ಕೇಳಿದ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹಾಕಿದರು ಅಂತ ಮೇಷ್ಟ್ರು ಹೇಳಿದ್ದರು. ಆ ಧಾಟಿ ಐರ್ಲೆಂಡಿನ ಕಾರ್ಕ್ ಜಿಲ್ಲೆಯ ಮ್ಯಾಲೋ ಅನ್ನೋ ಊರಿನ ಹೆಸರಲ್ಲಿರೋ ಹಳೇ ಟ್ಯೂನ್ ಅನ್ನೋದು ಮಗಳ ಪುಸ್ತಕ ನೋಡಿದಾಗಲೇ ನನಗೆ ಗೊತ್ತಾಗಿದ್ದು. ಅವಳು ನುಡಿಸಿದಳು, ನಾನು ಹಾಡಿದೆ. ದೀಕ್ಷಿತರ ತಮ್ಮ ಬಾಲುಸ್ವಾಮಿ ಪಿಟೀಲು ಕಲಿತು ಅದನ್ನು ನಮ್ಮ ಕಛೇರಿಗೆ ತಂದದ್ದೂ ಅದೇ ಕಾಲದ ಕತೆ.

ಲಯವೂ ನಮಗೆ ಹೊಸದಲ್ಲ. ಇಲ್ಲಿನ ಕುಣಿತದ ಟ್ಯೂನ್‌ಗಳಲ್ಲಿ ಜಿಗ್ ಅಂದರೆ ತಕಿಟ ತಕಿಟ, ರೀಲ್ ಅಂದರೆ ತಕಧಿಮಿ ತಕಧಿಮಿ. ಸ್ಲಿಪ್ ಜಿಗ್‌ನಲ್ಲಿ ಮೂರು ತಕಿಟ. ಮಗಳಿಗೆ ನಾನು ಹೇಳಿಕೊಟ್ಟಿದ್ದು ಹೀಗೇ. ಈಗ ಅವಳ ಟೀಚರ್ ಕೂಡ ಬೇರೆ ಮಕ್ಕಳಿಗೆ "ತಕಿಟ" ಅಂತಲೇ ಹೇಳ್ತಾರಂತೆ.

ಈ ಸಂಗೀತ ಸುಲಭವಾಗಿ ಉಳಿದು ಬಂದದ್ದಲ್ಲ. 1845ರಿಂದ ಬಂದ ಬರಗಾಲದಲ್ಲಿ ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷ ಹಡಗು ಹತ್ತಿದರು. ಹಾಡು, ಟ್ಯೂನ್ ಗೊತ್ತಿದ್ದವರೂ ಅವರ ಜೊತೆ ಹೋದರು. ಕಾರ್ಕ್ ಕಡೆಯ ಫ್ರಾನ್ಸಿಸ್ ಓ'ನೀಲ್ ಶಿಕಾಗೋದ ಪೊಲೀಸ್ ಮುಖ್ಯಸ್ಥರಾಗಿ, ಅಲ್ಲಿನ ವಲಸಿಗರ ಬಾಯಿಂದ, ಬೆರಳಿಂದ ಸಂಗ್ರಹಿಸಿ 1903ರಲ್ಲಿ 1850 ಟ್ಯೂನ್‌ಗಳ ಪುಸ್ತಕ ತಂದರು. ಇತ್ತ ಐರ್ಲೆಂಡಿನಲ್ಲಿ 1935ರಲ್ಲಿ ಕಾನೂನು ಬಂತು, ಸಾರ್ವಜನಿಕ ಕುಣಿತಕ್ಕೆ ಲೈಸೆನ್ಸ್ ಬೇಕು ಅಂತ. ಅದೇ ನೆಪದಲ್ಲಿ ಪಾದ್ರಿಗಳು, ಪೊಲೀಸರು ಮನೆಮನೆಯ ಅಡುಗೆಕೋಣೆ ಕುಣಿತವನ್ನೂ ನಿಲ್ಲಿಸತೊಡಗಿದರು. 1951ರಲ್ಲಿ ಮಲ್ಲಿಂಗಾರ್ ಅನ್ನೋ ಊರಲ್ಲಿ ಕೆಲವು ವಾದಕರು ಸೇರಿ ಕೋಲ್ತಸ್ ಅನ್ನೋ ಸಂಘ ಕಟ್ಟಿದರು, ಅದೇ ವರ್ಷ ಅಲ್ಲೇ ಮೊದಲ ಫ್ಲಾ. 2013ರಲ್ಲಿ ಗಡಿ ದಾಟಿ ಉತ್ತರ ಐರ್ಲೆಂಡಿನ ಡೆರಿಯಲ್ಲಿ ನಡೀತು, 2026ಕ್ಕೆ ಬೆಲ್‌ಫಾಸ್ಟಿನ ಸರದಿ.

ಶೈಲಿಗಳಲ್ಲೂ ತೆಂಕು, ಬಡಗು ಇದೆ, ನಮ್ಮ ಯಕ್ಷಗಾನದ ತಿಟ್ಟುಗಳ ಹಾಗೆ. ಡೊನೆಗಾಲ್‌ನವರ ಪಿಟೀಲಿನ ಕಮಾನು ಚುರುಕು, ಪೂರ್ವ ಕ್ಲೇರ್‌ನವರದ್ದು ನಿಧಾನ, ಒಳಗೊಳಗೇ ನೋವು. ಸ್ಲೈಗೋದ ಪಿಟೀಲು ವಾದಕ ಮೈಕಲ್ ಕೋಲ್ಮನ್ ನ್ಯೂಯಾರ್ಕಿಗೆ ಹೋಗಿ 1920ರ ದಶಕದಲ್ಲಿ ಕೊಟ್ಟ ಗ್ರಾಮಫೋನ್ ಪ್ಲೇಟುಗಳು ವಾಪಸ್ ಬಂದಾಗ ಊರೂರಿನವರು ಅವರನ್ನೇ ಅನುಕರಿಸತೊಡಗಿದರು, ಕೆಲವು ಊರಿನ ಸ್ವಂತ ಬಾನಿ ಮಸುಕಾಯ್ತು. ಒಳ್ಳೆಯದಕ್ಕೂ ಇಂಥ ಬೆಲೆ ಇರುತ್ತೆ. ಇದನ್ನೆಲ್ಲ ಕೆಲ್ಟಿಕ್ ಅನ್ನೋ ಒಂದೇ ಚೀಟಿ ಅಂಟಿಸಿ ಸ್ಕಾಟ್ಲೆಂಡ್, ವೇಲ್ಸ್, ಫ್ರಾನ್ಸಿನ ಬ್ರಿಟನಿಯ ಜೊತೆ ಕಲಸಿಬಿಡೋದು ನನಗೆ ಸರಿ ಕಾಣೋದಿಲ್ಲ. ನಮ್ಮೂರಿನ ವಾದಕರ ಬಾಯಲ್ಲಿ ಆ ಮಾತನ್ನೇ ಕೇಳಿಲ್ಲ, ಅವರು ಟ್ರ್ಯಾಡ್ ಅಂತಾರೆ, ಅಂದರೆ ಟ್ರೆಡಿಷನಲ್, ಸಾಂಪ್ರದಾಯಿಕ.

ಇನ್ನು ಕುಣಿತ. ವಿಗ್ ಹಾಕಿದ ಆ ಮಕ್ಕಳ ಮೇಲೆ ನನಗೆ ಖಂಡಿತ ಸಿಟ್ಟಿಲ್ಲ. ಅವರ ಶ್ರಮ ದೊಡ್ಡದು. ಕೈ ಎರಡೂ ನೆಟ್ಟಗೆ ಇಳಿಬಿಟ್ಟು, ಸೊಂಟದಿಂದ ಮೇಲೆ ಅಲ್ಲಾಡದೆ ಕಾಲಲ್ಲೇ ಮಿಂಚು ಹರಿಸೋದು ವರ್ಷಗಟ್ಟಲೆ ಅಭ್ಯಾಸದಿಂದ ಬರೋ ವಿದ್ಯೆ. 1994ರಲ್ಲಿ ಡಬ್ಲಿನ್‌ನ ಯೂರೋವಿಷನ್ ಹಾಡಿನ ಸ್ಪರ್ಧೆಯ ವಿರಾಮದಲ್ಲಿ ರಿವರ್‌ಡ್ಯಾನ್ಸ್ ತಂಡ ಏಳು ನಿಮಿಷ ಕುಣಿದ ಮೇಲೆ ಇಡೀ ಜಗತ್ತು ತಿರುಗಿ ನೋಡಿತು, ಅದೂ ಸತ್ಯ. ಆದರೆ ವೆಕ್ಸ್‌ಫರ್ಡಿನಲ್ಲಿ ಇನ್ನೊಂದು ಕಂಡೆ. ಐರ್ಲೆಂಡಿನ ಪಶ್ಚಿಮದ ಕಾನಮಾರ ಕಡೆಯ ಶಾನ್ ನೋಸ್ ಕುಣಿತ, ಅಂದರೆ ಹಳೇ ಪದ್ಧತಿಯದ್ದು. ಸೆಷನ್ ಪಕ್ಕದಲ್ಲಿ ನೆಲಕ್ಕೆ ಒಂದು ಹಲಗೆ ಹಾಕಿದ್ದರು. ಹಿಂದೆ ಮನೆಯ ಬಾಗಿಲನ್ನೇ ಕಳಚಿ ಹಾಸ್ತಿದ್ದರಂತೆ. ದಪ್ಪ ಮೈಯ, ಅರವತ್ತರ ಆಸುಪಾಸಿನ ಒಬ್ಬರು ಕೈಲಿದ್ದ ಚಹಾ ಲೋಟ ಪಕ್ಕದವರಿಗೆ ಕೊಟ್ಟು ಹಲಗೆ ಹತ್ತಿದರು. ಕೈ ಸಡಿಲ, ಪಾದ ಹಲಗೆ ಬಿಟ್ಟು ಎರಡಂಗುಲವೂ ಏಳೋದಿಲ್ಲ, ಆದರೆ ಹಿಮ್ಮಡಿಯ ಸದ್ದು ಟ್ಯೂನಿನ ಒಂದೊಂದು ಸ್ವರಕ್ಕೂ ಉತ್ತರ ಕೊಡ್ತಿತ್ತು. ಫಿಡಲ್ ವಾದಕರು ಅವರ ಕಾಲನ್ನೇ ನೋಡಿ ನುಡಿಸ್ತಿದ್ದರು. ಮುಗಿದ ಮೇಲೆ ಅವರು ಚಹಾ ವಾಪಸ್ ಇಸ್ಕೊಂಡು ಕುಡಿದರು. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು.

ರೆಕಾರ್ಡ್ ಹಾಡು ಯಾರ ಕಾಲನ್ನೂ ನೋಡೋದಿಲ್ಲ, ಅದು ಯಾರಿಗೂ ಕಾಯೋದಿಲ್ಲ. ಇದನ್ನು ನಮ್ಮವರಿಗೂ ಹೇಳ್ತಿದ್ದೇನೆ. ನಮ್ಮ ಕೋಲಾಟವೂ ಈ ಸಲ ಸ್ಪೀಕರಿನ ಹಾಡಿಗೇ ಆಗಿದ್ದು. ಹಾಡೋಕೆ ಬರೋರು ನಮ್ಮಲ್ಲಿ ಕಡಿಮೆ ಇಲ್ಲ, ನಾನೂ ಹಾಡಬಹುದಿತ್ತು. ಒಂದೇ ಸ್ಕೇಲಿಗೆ ಕೂರಲ್ಲ ಅಂತ ಹೆದರಿ ಬಿಟ್ಟೆವು.

ಮುಂದಿನ ತಿಂಗಳು ಹಬ್ಬದ ಸಮಿತಿಯ ಸಭೆ ಇದೆ. ನಾನು ಹೋಗಿ ಕೇಳೋಳಿದ್ದೇನೆ: ವೇದಿಕೆ ಇರಲಿ, ಭಾಷಣ ಇರಲಿ, ಆದರೆ ಮೈದಾನದ ಒಂದು ಮೂಲೆಯಲ್ಲಿ ಮಧ್ಯಾಹ್ನದಿಂದ ಸಂಜೆವರೆಗೆ ಮೈಕ್ ಇಲ್ಲದೆ ಸುತ್ತು ಕೂರೋಕೆ ಜಾಗ ಕೊಡಿ. ಮೊದಲು ಆ ಆರು ಜನ ಕೂರಲಿ. ಆಮೇಲೆ ಬ್ರೆಜಿಲ್‌ನವರು, ನಾವು, ಯಾರಿಗೆ ಬರುತ್ತೋ ಅವರು. ಪೈಪ್ಸ್ ಅಜ್ಜನ ಮನೆಗೆ ನಿನ್ನೆ ಹೋಗಿದ್ದೆ, ಬರ್ತೀನಿ ಅಂದಿದ್ದಾರೆ. ವಂದೇ ಮೀನಾಕ್ಷಿ ಹಾಡಿ ತೋರಿಸಿದೆ. ಎರಡನೇ ಸಾಲಿಗೇ ಅವರ ಬೆರಳು ತೊಡೆ ಮೇಲೆ ಓಡ್ತಿತ್ತು.

ಬಳಗದವರೇ, ನಿಮ್ಮಿಂದ ಆಗಬೇಕಾದ್ದು ಇಷ್ಟು. ಕೈ ಇಲ್ಲದ ಕುರ್ಚಿ ಹತ್ತು ಬೇಕು, ಊಟದ ಮೇಜಿನದಾದರೂ ಸರಿ. ಮನೆಯಲ್ಲಿ ತಾಳ ಇದ್ದವರು ತನ್ನಿ. ಎಂಟಡಿ ನಾಲ್ಕಡಿ ಪ್ಲೈವುಡ್ ಹಲಗೆ ಯಾರ ಗ್ಯಾರೇಜಿನಲ್ಲಾದರೂ ಬಿದ್ದಿದ್ದರೆ ಹೇಳಿ, ನಾನೇ ಕಾರ್ ತಗೊಂಡು ಬರ್ತೀನಿ.